ಸ್ಥಳ ಪರಿಶೀಲನೆ: ಹಳೇ ರಸ್ತೆ, ಮಂಡ್ಯ

ಫಾರಂನಲ್ಲಿ ಹನ್ನೊಂದು ಕಲಂ.
ಟ್ರಾನ್ಸ್‌ಫಾರ್ಮರಿಗೆ ಎಷ್ಟು ಮೀಟರು, ಜಾಗ ಯಾರದು,
ಮಳೆನೀರು ನಿಲ್ಲುತ್ತದೆಯೇ, ಲಾರಿ ತಿರುಗುತ್ತದೆಯೇ.
ನಾನು ಸೆಕ್ಷನ್ ಆಫೀಸರು. ಬಿಸಿಲಿಗೆ ಕೊಡೆ ಹಿಡಿದು
ಬೈಪಾಸಿನ ಪಕ್ಕ ನಿಂತಿದ್ದೇನೆ.
ಇಲ್ಲಿ ಎಲ್ಲ ಕಲಮಿಗೂ ಉತ್ತರ ಇದೆ.
ಫೈಲಿನ ಅಂಚಿನಲ್ಲಿ ಯಾರೋ ಆಗಲೇ
ಪೆನ್ಸಿಲಿನಲ್ಲಿ ರೈಟು ಹಾಕಿದ್ದಾರೆ.
ಹಿಂದೆ ಹೊಸ ಹೋಟೆಲಿಗೆ ಬಣ್ಣ ಬಳಿಯುತ್ತಿದ್ದಾರೆ;
ಮಾಲೀಕರ ಹೆಸರು ಕೇಳಬೇಡಿ ಅಂತ ಲೈನ್‌ಮನ್ ಜವರಪ್ಪ
ನಾನು ಕೇಳುವ ಮೊದಲೇ ಹೇಳಿದ.

"ಹಳೇ ರಸ್ತೆ ಒಂದ್ಸಲ ನೋಡ್ಬುಟ್ಟು ಓಗವಾ ಮೇಡಂ."

ಹಳೇ ರಸ್ತೆಯ ಅರ್ಧಕ್ಕೆ ಹುರುಳಿ ಹರವಿದ್ದಾರೆ.
ಆರು ಹೋಟೆಲುಗಳಲ್ಲಿ ಐದರ ಶಟರಿಗೆ
ತುಕ್ಕು ಒಂದೇ ಎತ್ತರಕ್ಕೆ ಏರಿದೆ.
ಆರನೆಯದರಲ್ಲಿ ನಿಂಗರಾಜಮ್ಮ
ಮುನ್ನೂರು ಬೇಯಿಸುತ್ತಿದ್ದ ಕೈಯಲ್ಲಿ
ಮೂವತ್ತು ಇಡ್ಲಿ ಬೇಯಿಸುತ್ತಾಳೆ.
"ಕಾರೆಲ್ಲ ಆ ಕಡೆಯಿಂದ ಓಯ್ತವೆ,
ಸದ್ದು ಮಾತ್ರ ನಮಗೆ ಬುಟ್ಟು."

ಅವಳ ಚಪ್ಪರದಲ್ಲಿ ಒಂದು ಬಿಳಿ ಟ್ಯಾಕ್ಸಿ.
ಅದರ ಮೈಯಿಂದ ಒಂದು ವೈರು ಒಳಗೆ ಹೋಗಿ
ಫ್ಯಾನಿನ ಪ್ಲಗ್ಗು ಕಿತ್ತ ಜಾಗದಲ್ಲಿ ಕೂತಿದೆ.
ಜಬೀವುಲ್ಲಾ, ಮೈಸೂರು ಉದಯಗಿರಿಯವರು,
ನಾಲ್ಕು ಪರ್ಸೆಂಟಿಗೆ ಬಂದು ನಿಂತವರು.
ಎಸಿ ಆರಿಸಿದೆ, ಹಾಡು ಆರಿಸಿದೆ,
ಪ್ಯಾಸೆಂಜರಮ್ಮನ ಬೈಗುಳ ಮಾತ್ರ ಆರಲಿಲ್ಲ ಅಂತ ನಕ್ಕರು.
ಆಕೆ ಬಸ್ಸು ಹತ್ತಿ ಮೂರು ಗಂಟೆ.
ಕಾರು ಈಗ ಹದಿನೇಳು.
"ಊರು ನೋಡಿ ಜಾಗ ಹುಡುಕಬೇಡಿ, ಪರ್ಸೆಂಟು ನೋಡಿ.
ಎದೆ ಡವಡವ ಅನ್ನೋದು ಎಲ್ಲಿ ಶುರುವಾಗುತ್ತೋ
ಅಲ್ಲಿಂದ ಐದು ಕಿಲೋಮೀಟರು ಹಿಂದೆ ಇಡಿ."
ಹನ್ನೆರಡನೆಯ ಕಲಂ ಇದ್ದಿದ್ದರೆ ಬರೆದುಕೊಳ್ಳುತ್ತಿದ್ದೆ.

ಜವರಪ್ಪ ಕಂಬ ಎಣಿಸುತ್ತಿದ್ದಾನೆ.
ಇರುವುದು ಅರವತ್ಮೂರರ ಟ್ರಾನ್ಸ್‌ಫಾರ್ಮರು,
ಅದೂ ಆಲೆಮನೆಗಳ ಪಾಲು.
ಕಬ್ಬು ಅರೆಯುವ ತಿಂಗಳಲ್ಲಿ
ನಿಂಗರಾಜಮ್ಮನ ಬಲ್ಬು ಕೆಂಡದ ಹಾಗೆ ಮಿಣುಕುತ್ತದೆ.
ಹೊಸದು ಬೇಕು, ಹದಿನಾಲ್ಕು ಕಂಬ ಬೇಕು,
ಎಸ್ಟಿಮೇಟು ನೋಡಿ ಮೇಲಿನವರು
ಕನ್ನಡಕ ತೆಗೆದು ಒರೆಸುತ್ತಾರೆ.
ಬೈಪಾಸಿಗಾದರೆ ಏನೂ ಒರೆಸಬೇಕಾಗಿಲ್ಲ.

ಇಲ್ಲಿ ಹೊಂಗೆಯ ನೆರಳಿದೆ.
ಒಳಗಿನಿಂದ ಅಗುಳಿ ಹಾಕಬಹುದಾದ ಶೌಚಾಲಯವಿದೆ.
ರಾತ್ರಿ ಎರಡಕ್ಕೆ ಒಬ್ಬಳೇ ಬಂದು ನಿಂತವಳಿಗೆ
"ಯಾರವ್ವಾ?" ಅನ್ನುವ ಒಂದು ಗಂಟಲಿದೆ.

ಹೊಂಗೆಯ ಆಚೆ ನಿಲ್ಲಿಸಿದ ಎರಡು ಕಲ್ಲು, ಮೇಲೊಂದು ಅಡ್ಡಗಲ್ಲು.
ಹೊರೆಗಲ್ಲು. ತಲೆಹೊರೆಯವರು ಯಾರ ಕೈಯನ್ನೂ ಕೇಳದೆ
ಇಳಿಸಿ, ಉಸಿರು ಬಿಟ್ಟು, ಮತ್ತೆ ತಲೆಗೊಡುವ ಎತ್ತರ.
ಸಂತೆಯಿಂದ ಇಲ್ಲಿಗೆ ಎಷ್ಟು ಮೈಲಿ ಅಂದೆ.
"ಮೈಲಿ ಕಾಣೆ," ಅಂದ ಜವರಪ್ಪ, "ಕತ್ತು ಸೋಲೋ ಅಷ್ಟು."
ಇಟ್ಟವನು ಫಾರಂ ತುಂಬಿಸಿರಲಾರ.
ಒಂದು ಮೂಟೆ ಹೊತ್ತು ನಡೆದಿರಬೇಕು,
ಸೋತ ಕಡೆ ನಿಂತಿರಬೇಕು.

ನನ್ನ ಬ್ಯಾಗನ್ನು ಅದರ ಮೇಲಿಡಲು ಹೋದೆ.
ಎಟುಕಲಿಲ್ಲ. ಒಂದು ಗೇಣು ಕಡಿಮೆ.
"ಅದು ಗಂಡಸ್ರುದು ಕಣವ್ವ," ನಿಂಗರಾಜಮ್ಮ ಒಳಗಿಂದ,
"ನಮಗೆ ಅಂತ ಪಕ್ಕದಲ್ಲೇ ಗಿಡ್ಡುದು ಇನ್ನೊಂದಿತ್ತು.
ಮೊದಲ್ನೇ ಸಲ ರಸ್ತೆ ಅಗಲ ಮಾಡ್ದಾಗ ಓಯ್ತು."

ಕೊಡೆ ಮಡಿಸಿದೆ. ಇಡ್ಲಿ ಇನ್ನೂ ಇದೆಯಾ ಅಂದೆ.
ಕಾರು ಹದಿನೆಂಟು.
ಫೈಲಿನ ಅಂಚಿನ ಪೆನ್ಸಿಲ್ ಗುರುತನ್ನು
ಬೆರಳಿನಿಂದ ಉಜ್ಜಿ ನೋಡಿದೆ.
ಹೋಗಲಿಲ್ಲ, ಹರಡಿಕೊಂಡಿತು.