ಕಿವಿಗುರುತು

ತೆಲಾವಿಯ ಸಂತೆಬೀದಿಯಲ್ಲಿ, ಬೀಗದವನಿಗೂ ಚೀಸಿನವಳಿಗೂ ನಡುವೆ
ಸಿಕ್ಕಿಕೊಂಡ ಗೂಡು ನನ್ನದು.
ಮಖ್ವಲಾ ಬಂದದ್ದು ಗುರುವಾರ, ಕದ ಎಳೆಯುವ ಹೊತ್ತಿಗೆ.
ಉಣ್ಣೆಯ ಕಾಲುಚೀಲದಿಂದ ತೆಗೆದಿಟ್ಟಳು
ಸೋಪಿನಷ್ಟು ದಪ್ಪದ ಒಂದು ಕರೀ ಡಬ್ಬಿ.
"ನನ್ನ ಕಂಪ್ಯೂಟರು ಇದರ ಗುರುತೇ ಹಿಡಿಯುತ್ತಿಲ್ಲ, ಜುಂಬೇರ್.
ಕೈಯಲ್ಲಿ ಹಿಡಿದು ನಿಂತಿದ್ದೇನೆ ನಾನು,
ಅದು ಏನೂ ಇಲ್ಲ ಅನ್ನುತ್ತೆ."

ಚುಚ್ಚಿದೆ. ನೀಲಿ ದೀಪ ಹತ್ತಿತು.
ಕಿವಿಗೊಟ್ಟೆ: ಒಳಗೆ ತಟ್ಟೆ ತಿರುಗುವ ಸದ್ದು,
ಮುಚ್ಚಿದ ಜೇನುಪೆಟ್ಟಿಗೆಯಷ್ಟೇ.
ಟಕ್ ಟಕ್ ಇಲ್ಲ. ಇದ್ದಿದ್ದರೆ ಬೆಲೆ ಬೇರೆ, ನನ್ನ ಮುಖವೂ ಬೇರೆ.
ಪರದೆ ಮಾತ್ರ ಖಾಲಿ.
ಪಕ್ಕದ ತೂತಿಗೆ ಚುಚ್ಚಿದೆ, ಹಿಂದಿನ ತೂತಿಗೆ ಚುಚ್ಚಿದೆ,
ಆರಿಸಿ ಹಚ್ಚಿದೆ. ಈ ಕಸುಬಿನ ಅರ್ಧ ವಿದ್ಯೆ ಅಷ್ಟೇ:
ಆರಿಸುವುದು, ಹಚ್ಚುವುದು,
ನಡುವೆ ಗಂಭೀರವಾಗಿರುವುದು.

"ಏನಿದೆ ಇದರಲ್ಲಿ?"
"ನನ್ನ ದೊಡ್ಡಪ್ಪ ಇಯೋಬ್.
ಕಣಿವೆಯಲ್ಲಿ ಒಂಬೈನೂರು ಕುರಿ ಬೆರೆತುಹೋದರೂ
ಕಿವಿ ಸವರಿ ಹೇಳುತ್ತಿದ್ದ:
ಎಡಗಿವಿ ತುದಿ ಸೀಳಿದ್ದು ನಮ್ಮದು,
ಬಲಗಿವಿಗೆ ಕೆಳಗೆ ಕಚ್ಚಿದ್ದರೆ ಆಚೆಮನೆಯದು,
ಎರಡೂ ಮೊಂಡಾಗಿದ್ದರೆ ನೀನೋಳ ಕುರಿ, ಗಂಡಸತ್ತವಳು,
ಮೊದಲು ಅದಕ್ಕೆ ನೀರಿಗೆ ದಾರಿ ಬಿಡಿ.
ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳಿಸಿ ತುಂಬಿಸಿದ್ದೆ.
ಮೇ ತಿಂಗಳಲ್ಲಿ ಹೋದ."

ಅವರ ಮಾತು ಅಂದರೆ ಬಾತ್ಸ್. ಒಂದೇ ಊರಿನದು,
ಆ ಊರಿಗೂ ಈಗ ಪೂರ್ತಿ ಬರುವುದಿಲ್ಲ.
ಬಸ್ಸಿನಲ್ಲಿ ಹೋದರೆ ಒಂದು ಗಂಟೆಯೂ ಆಗದ ದೂರ.
ಇಷ್ಟು ವರ್ಷಕ್ಕೆ ನಾನು ಕಲಿತದ್ದು
ಅದರ ಒಂದೇ ಒಂದು ಬೈಗುಳ.

ಆಮೇಲೆ ಕಣ್ಣಿಗೆ ಬಿತ್ತು ಅವಳು ತಂದ ತಂತಿ.
ಬಿಳಿ, ತೆಳ್ಳಗೆ, ಯಾವುದೋ ಟಾರ್ಚಿನ ಜೊತೆ ಬಂದದ್ದು.
ಇಂಥವಕ್ಕೆ ಒಳಗೆ ಎರಡೇ ಎಳೆ,
ಅನ್ನ ಸಾಗಿಸುತ್ತವೆ, ಮಾತು ಸಾಗಿಸುವುದಿಲ್ಲ.
ಡಬ್ಬಿ ಉಂಡಿತು, ದೀಪ ಹಚ್ಚಿಕೊಂಡಿತು, ಸುಮ್ಮನೆ ಕೂತಿತು.
"ಥೇಟ್ ನನ್ನ ಮಾವನ ಮನೆ," ಅಂದಳು ಮಖ್ವಲಾ.

ನಾಲ್ಕೆಳೆಯದನ್ನು ಹುಡುಕಿ ಚುಚ್ಚಿದೆ.
ಟಿಣ್. ಬಂತು.
ಬಂದದ್ದೇ ಒಂದು ಪ್ರಶ್ನೆ, ಬಹಳ ವಿನಯದ್ದು:
ಇದರಲ್ಲಿರುವುದನ್ನು ಓದಲು ನನಗೆ ಬರುತ್ತಿಲ್ಲ.
ಅಳಿಸಿ ಹೊಸದು ಮಾಡಲೇ?
ಕೆಳಗೆ 'ಹೌದು', ನಾವು ಹೇಳುವ ಮೊದಲೇ
ನೀಲಿ ಬಳಿದುಕೊಂಡು ನಿಂತಿತ್ತು.

ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.
ಒಂದನೇ ಕ್ಲಾಸಿನಲ್ಲಿ ಮೇಷ್ಟರೂ ಇದನ್ನೇ ಕೇಳಿದ್ದರಂತೆ.
ಅವರದು ವಿನಯ ಕಮ್ಮಿ.

'ಬೇಡ' ಒತ್ತಿ, ಡಬ್ಬಿಯನ್ನು ಹಳೇ ಯಂತ್ರಕ್ಕೆ ಕಟ್ಟಿ,
ಅರ್ಥ ಕೇಳದೆ, ಇದ್ದದ್ದನ್ನು ಇದ್ದ ಹಾಗೆ
ಮೂಲೆಯಿಂದ ಮೂಲೆಗೆ ನಕಲು ಮಾಡಲು ಬಿಟ್ಟೆ.
ಯಾರೋ ಎಂದೋ ಹೇಳದೆ ಕೇಳದೆ ಕಿತ್ತೆಳೆದಿದ್ದರು, ಅಷ್ಟೇ.
ಅವಳು ಮನೆಗೆ ಹೋಗಲಿಲ್ಲ. ಚೀಸಿನವಳ ಸ್ಟೂಲಿನ ಮೇಲೆ
ಕೋಟು ಹೊದ್ದು ತೂಕಡಿಸಿದಳು.

ಬೆಳಗ್ಗೆ ಇನ್ನೂರ ಹದಿನಾಲ್ಕು ಕಡತ,
ಹೆಸರೆಲ್ಲ ಉದುರಿ ಬರೀ ಅಂಕಿ,
ಇನ್ನೂ ಕಿವಿ ಸೀಳದ ಮರಿಗಳ ಹಾಗೆ.
ಮೂವತ್ತೇಳನೆಯದನ್ನು ತೆರೆದೆ. ಗಾಳಿ. ಗಾಳಿ.
ದೂರದಲ್ಲಿ ನಾಯಿ.
ಹಾಳಾಗಿದೆ ಅನ್ನಲು ಬಾಯಿ ತೆರೆದೆ.
"ತೋಪಾಲಾ," ಅಂದಳು. "ಬಲಗಾಲು ಕುಂಟು.
ತೋಳಕ್ಕಲ್ಲ ಅದು ಬೊಗಳುತ್ತಿರೋದು, ಮಂಜಿಗೆ."
ಪೆನ್ನು ಕೇಳಿ, ನನ್ನ ಬಿಲ್ಲಿನ ಪುಸ್ತಕದ ಹಿಂದೆ
ಮೂವತ್ತೇಳರ ಮುಂದೆ ಏನೋ ಬರೆದಳು.

ಹದಿನೈದು ಲಾರಿ ಅಂದೆ. ಹತ್ತಕ್ಕೆ ಇಳಿಸಿದಳು.
ಚಿಲ್ಲರೆ ಎಣಿಸುತ್ತಿರುವಾಗ ಮೂವತ್ತೆಂಟು ತಾನೇ ಶುರುವಾಯಿತು:
ಕೆಮ್ಮು, ಕೋಲಿನ ಕುಟ್ಟು,
ತಪ್ಪಿಸಿಕೊಂಡ ಯಾವುದೋ ಕುರಿಯ ಬೆನ್ನಿಗೆ
ಮುದುಕನ ದನಿ, ಉದ್ದಕ್ಕೆ, ಎಲ್ಲೂ ಉಸಿರು ಕಡಿಯದೆ.
ಅಷ್ಟರಲ್ಲೂ ಒಂದು ಮಾತಿನ ಗುರುತು ಹತ್ತಿತು ನನಗೆ.
ಎದ್ದು ನಿಂತು ಅದನ್ನೇ ಅವನಿಗೆ ವಾಪಸು ಹೇಳಿದೆ.