ಹೆಣದ ಪಾತ್ರ

ಎರಡು ದಿನ ಸತ್ತಿದ್ದಕ್ಕೆ ನನಗೆ ಸಿಕ್ಕಿದ್ದು
ನೂರಾ ನಲವತ್ತು ಯೂರೋ, ಒಂದು ಫ್ಲಾಸ್ಕ್ ಬಿಸಿ ಸೂಪು,
ಆಮೇಲೆ ಹದಿನೈದು ದಿನ ಬಿಡದ ನೆಗಡಿ.

ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ರಾತ್ರಿಪಾಳಿ ನನ್ನದು.
ಶೂಟಿಂಗಿನವರು ಬಂದು ಕೇಳಿದರು,
ಚಳಿ ತಡೆಯುವವರು ಯಾರಾದರೂ ಇದ್ದಾರೆಯೇ?
ಎಲ್ಲರ ಬೆರಳೂ ನನ್ನತ್ತ.
ತುಟಿಗೆ ನೀಲಿ ಹಚ್ಚುತ್ತ ಮೇಕಪ್ಪಿನ ಹುಡುಗಿ ಅಂದಳು:
ಕಣ್ಣು ಮುಚ್ಚಬೇಡಿ, ಮಾರಿಕಾ.
ಸತ್ತವರು ತಾವಾಗಿ ಮುಚ್ಚುವುದಿಲ್ಲ,
ಬಂದವರು ಮುಚ್ಚುತ್ತಾರೆ.

ಪಲ್ದಿಸ್ಕಿಯ ಬಂದರು, ನವೆಂಬರ್ ಕೊನೆ,
ಮಧ್ಯಾಹ್ನ ಮೂರೂವರೆಗೇ ಕತ್ತಲು.
ಜೊಂಡಿನ ನಡುವೆ ಗೇಣುದ್ದ ನೀರಲ್ಲಿ ಅಂಗಾತ ಮಲಗಿ
ಉಸಿರು ಬಿಗಿಹಿಡಿದು ಲೆಕ್ಕ ಹಾಕುತ್ತಿದ್ದೆ:
ಕರೆಂಟಿನ ಬಿಲ್ಲು, ತಾನೆಲನ ಬೂಟು,
ಉಳಿದರೆ ಒಂದು ಪರದೆ ಬಟ್ಟೆ.

ಹನ್ನೊಂದು ಲಕ್ಷ ಜನ ಆಡುವ ಮಾತು ನಮ್ಮದು.
ವಿಭಕ್ತಿಗಳೇ ಹದಿನಾಲ್ಕು.
ಹೊರಗಿನವರು ಕಲಿಯಲು ಕೂತು
ಆರನೆಯದಕ್ಕೆ ಪುಸ್ತಕ ಮುಚ್ಚುತ್ತಾರೆ.
ಅಂಥ ಮಾತಿನ ಕೊಲೆಯ ಕಥೆ
ಎರಡು ವರ್ಷಕ್ಕೆ ಭೂಮಿ ಸುತ್ತಿತು.
ವಾಲ್ಪರೈಸೊದ ನರ್ಸೊಬ್ಬಳು ನನಗೆ ಬರೆದಳು,
ನಿನ್ನ ಬಲಗೈ ಬೆರಳು ಮಡಚಿದ ರೀತಿ ಮರೆಯಲಾರೆ ಎಂದು.
(ಅದು ಸೆಳೆತ. ನಟನೆಯಲ್ಲ.)
ಬೂಸಾನಿನ ಟ್ಯಾಕ್ಸಿಯವನೊಬ್ಬ ಕೇಳಿದ: ಈಗ ಆರೋಗ್ಯವೇ?

ಹೀಗೇಕಾಯಿತೆಂದು ತಾಲಿನ್ನಿನಲ್ಲಿ ಗೋಷ್ಠಿ ಇಟ್ಟರು.
ನನ್ನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು.
ಬೆಳಕು ಕಾರಣ ಎಂದರೊಬ್ಬರು, ಆ ಬೂದು.
ಅಡಿಬರಹ ಓದುವವನು ಮೊಬೈಲು ತೀಡಲಾರ,
ಕಣ್ಣು ಕಟ್ಟಿಹಾಕಿದಂತೆ, ಎಂದರಿನ್ನೊಬ್ಬರು.
ಮೂರನೆಯವರು ಕನ್ನಡಕ ಒರೆಸಿಕೊಳ್ಳುತ್ತ,
ತಿಳಿಯದ ಭಾಷೆಯಲ್ಲಿ ಯಾರು ಏನಂದರೂ
ಏನನ್ನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ,
ಕೊಲೆಗೆ ಇನ್ನೇನು ಬೇಕು ಎಂದರು.
ಚಪ್ಪಾಳೆ. ನಾನೂ ತಟ್ಟಿದೆ.

ಆದರೆ ಬಂದ ಕಾಗದಗಳಲ್ಲಿ ಮುಕ್ಕಾಲು
ಒಂದೇ ಒಂದು ಗಳಿಗೆಯ ಬಗ್ಗೆ.
ಪೊಲೀಸರು ಬಾಗಿಲಲ್ಲಿ ನಿಂತಿದ್ದಾರೆ.
ಹೆಣದ ತಾಯಿ ಅವರ ಮುಖ ನೋಡುತ್ತಾಳೆ.
ಒಳಗೆ ತಿರುಗಿ ಹೋಗಿ
ಒಲೆ ಆರಿಸುತ್ತಾಳೆ.
ಆಮೇಲೆ ಬಂದು, ಹೇಳಿ, ಅನ್ನುತ್ತಾಳೆ.

ಸ್ಕ್ರಿಪ್ಟಿನಲ್ಲಿ ಇದ್ದದ್ದು ಚೀರಾಟ.
ಅದು ನಮ್ಮ ಪಕ್ಕದ ಮನೆ ಸಲ್ಮೆಯ ಅಡುಗೆಮನೆ.
ಅಷ್ಟು ಜನರ ಊಟಕ್ಕೆಂದು ಅವಳು ನಿಜವಾಗಿಯೇ
ಆಲೂಗಡ್ಡೆ ಬೇಯಲಿಟ್ಟಿದ್ದಳು.
ಕ್ಯಾಮೆರಾದ ಹಿಂದೆ, ಹೆಗಲಿಗೆ ಕಂಬಳಿ, ತುಟಿಯಲ್ಲಿ ಇನ್ನೂ ನೀಲಿ,
ನನ್ನ ಸಾವಿನ ಸುದ್ದಿ ಮನೆಗೆ ಬರುವುದನ್ನು
ಮಣೆಯ ಮೇಲೆ ಕೂತು ನಾನೇ ನೋಡಿದೆ.
ನೀರು ಉಕ್ಕಿತು. ಮುಚ್ಚಳ ತಟತಟ ಅಂದಿತು.
ಹೆಲ್ವಿ, ಅರವತ್ತು ದಾಟಿದ ನಟಿ,
ಚೀರಲು ಬಾಯಿ ತೆರೆದವಳು
ಒಲೆಯ ಕಡೆ ನಡೆದಳು.
ಕಟ್ ಅನ್ನುವುದನ್ನು ನಿರ್ದೇಶಕ ಮರೆತ.

ಲಿಸ್ಬನ್ನಿನಲ್ಲಿ ಅಡಿಬರಹ ಬರೆವ ಗ್ರಾಸಿಂಡಾ
ಆಮೇಲೊಮ್ಮೆ ನನಗೆ ಹೇಳಿದಳು,
ಅಲ್ಲಿ ಹನ್ನೊಂದು ಸೆಕೆಂಡು ನನಗೆ ಕೆಲಸವೇ ಇರಲಿಲ್ಲ,
ಕೀಲಿಮಣೆಯಿಂದ ಕೈ ತೆಗೆದು
ತೊಡೆಯ ಮೇಲಿಟ್ಟು ಕೂತೆ.

ಅಪ್ಪನ ದೋಣಿ ಬರಲಿಲ್ಲವೆಂದು ಹೇಳಲು ಬಂದವರನ್ನು
ನಮ್ಮಮ್ಮ ಅಂಗಳದಲ್ಲಿ ನಿಲ್ಲಿಸಿ
ಕೈಯಲ್ಲಿದ್ದ ಹೆಣಿಗೆಯ ಸಾಲು ಮುಗಿಸಿದ್ದಳು.
ಹೊರಗೆ ನಿಂತವರ ಬಾಯಲ್ಲಿ ಅಪ್ಪ ಸತ್ತಿದ್ದ.
ಒಳಗೆ, ಆ ಸಾಲು ಮುಗಿಯುವ ತನಕ, ಇಲ್ಲ.
ಇದನ್ನು ಗೋಷ್ಠಿಯಲ್ಲಿ ಹೇಳಬಹುದಿತ್ತು.
ಮೈಕು ನನ್ನವರೆಗೆ ಬರಲಿಲ್ಲ.

ಈಗ ಬಸ್ಸು ಮಾಡಿಕೊಂಡು ಬರುತ್ತಾರೆ,
ಸಲ್ಮೆಯ ಒಲೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ,
ಗುಂಡಿ ಮುಟ್ಟಿ ಕಣ್ಣೊರೆಸಿಕೊಳ್ಳುತ್ತಾರೆ.
ಅವಳದು ಮಾತ್ರ ಇಂದಿಗೂ ಅದೇ ದೂರು:
ಆ ಹೆಂಗಸು ಅವಸರಪಟ್ಟು ಆರಿಸಿಬಿಟ್ಟಳು,
ಆಲೂಗಡ್ಡೆ ಅರೆಬೆಂದೇ ಉಳಿಯಿತು.

ಉಪ್ಪು ಹಚ್ಚಿಕೊಂಡು
ನಾನು ಐದು ತಿಂದೆ.