ಆರನೇ ರೆಕ್ಕೆ

ದುರಗಪ್ಪ ಹಳೇ ಮೋಟಾರು ಹೊತ್ತು ತಂದಿದ್ದ
ಹಾವನೂರಿಂದ, ಹಾವೇರಿ ಬಸ್ಸಿನ ಹಿಂದಿನ ಸೀಟಿನ್ಯಾಗ,
ಗೋಣಿಚೀಲ ಸುತ್ತಿ, ಅದಕ್ಕೂ ಅರ್ಧ ಟಿಕೇಟು ತಗಿಸಿ.
‘ಉಚ್ಚಿ ಕಟ್ಟೇತಿ ಇದಕ್ಕ’ ಅಂದ, ಎತ್ತಿನ ಡಾಕ್ಟರಿಗೆ ಹೇಳಿಧಂಗ.
‘ಹೊಳಿಯೊಳಗ ಕಾಲಿಟ್ಟು ನಿಂತು
ಕಾದು ಕೆಂಪಗಾಗತೈತಿ. ಯಾರ ಮುಂದ ಹೇಳೂದು?’

ನಾನು ಪಂಪ್‌ಸೆಟ್ಟಿನವ. ದೋಣಿ ಹತ್ತಿದ್ದು ಎರಡ ಸಲ.
ಆದರ ನೀರು ಎಳಿಯೂ ಯಾವ ಯಂತ್ರಕ್ಕೂ
ಒಂದ ಗಂಟಲು.
ಕಾಲಿನ ಬೋಲ್ಟು ಬಿಚ್ಚಿದೆ. ಒಂದು ಮುರೀತು. ಬೈದೆ.
ಒಳಗ ತುಂಗಭದ್ರೆಯ ಉಸುಕು, ಒಂದು ಸಣ್ಣ ಶಂಖದ ಹುಳ.
ರಬ್ಬರ್ ಚಕ್ರಕ್ಕ ಆರು ರೆಕ್ಕೆ ಇರಬೇಕು,
ಒಂದೂ ಇಲ್ಲ.

‘ಹೊಸಾದು ಹಾಕಿಬಿಡು’ ಅಂದ.
ಹಾಕೂಣು. ಹುಬ್ಬಳ್ಳಿಯಿಂದ ತರಿಸೀನಿ, ಇಲ್ಲೇ ಐತಿ.
ಆದರ ಮುರದದ್ದು ಎಲ್ಲಿಗೂ ಹೋಗೂದಿಲ್ಲ ದುರಗಪ್ಪ,
ಒಳಗ ಎಲ್ಲೋ ಕುಂತಿರತೈತಿ.

ತಾಮ್ರದ ನಳಿಗೆ ಸೈಕಲ್ ತಂತಿ ತೂರಿಸಿ ಎಳದೆ: ಎರಡು.
ನೆತ್ತಿಯ ಮುಚ್ಚಳದ ಕೆಳಗ ಮೂರು, ಬ್ಯಾಸಿಗಿ ಬೆಲ್ಲದಂಗ ಮೆತ್ತಗ.
ಹಳೇ ಪೇಪರಿನ ಮ್ಯಾಲ ಜೋಡಿಸಿದೆ. ಐದು.
ಚಾ ಬಂತು, ಆರಿತು.
ದುರಗಪ್ಪ ಮತ್ತ ಮತ್ತ ಎಣಿಸಿ ಐದ ಅಂತಿದ್ದ,
ನನಗ ಲೆಕ್ಕ ಬರೂದಿಲ್ಲ ಅನ್ನೂವಂಗ.

ಆರನೇದು ಥರ್ಮೋಸ್ಟ್ಯಾಟಿನ ಬಾಯಾಗ,
ಬಾಗಲಿಗೆ ಸಿಕ್ಕ ಸೆರಗಿನಂಗ.

ಡ್ರಮ್ಮಿನ್ಯಾಗ ನೀರು. ಹಗ್ಗ ಜಗ್ಗಿದೆ. ನಾಕು ಸಲ.
ಹೊಗಿ. ಎದುರಿನ ತಿಪ್ಪವ್ವನ ಕೋಳಿ ಚದುರಿದವು.
ಸಣ್ಣ ತೂತಿನಿಂದ ಮೊದಲು ಹನಿ,
ಆಮ್ಯಾಲ ಕಿರುಬೆರಳ ದಪ್ಪ ಧಾರಿ,
ಗ್ವಾಡಿತನಕ.

ದುರಗಪ್ಪ ನಗಲಿಲ್ಲ. ಅಂಗೈ ಒಡ್ಡಿ ‘ಬೆಚ್ಚಗೈತಿ’ ಅಂದ.
ರೊಕ್ಕ ಎಣಿಸಿ ಕೊಟ್ಟ, ಐವತ್ತು ಕಮ್ಮಿ.
ಹೋಗೂವಾಗ ಪೇಪರು ಮಡಚಿ
ಆರೂ ಚೂರು ಕಿಸೆಕ್ಕ ಹಾಕ್ಕೊಂಡ.
ಯಾಕ, ಅಂತ ಕೇಳಲಿಲ್ಲ ನಾನು.